ಶೀಲ್ಡ್ ಕೊಡುವ ಭಾನುವಾರ ದೇವಾಲಯಕ್ಕೆ ಹೋಗಲು ಮನಸ್ಸಾಗುತ್ತಿಲ್ಲ

ಕೆರೆ_ಹಿಂದಿನ_ಮನೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಎರಡು ವರ್ಷ ಆಯಿತು, ಬರೆಯುತ್ತಿರುವುದು ಇದೇ ಮೊದಲು. ಊರು ಕೋಲಾರ, ವಯಸ್ಸು 28. ಡಿಗ್ರಿ ಮುಗಿದಾಗಿನಿಂದ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ಮೂರು ಸಲ ಪಟ್ಟಿಯ ಬಾಗಿಲಿಗೆ ಹೋಗಿ ಹೊರಗೆ ಉಳಿದೆ. ಕೊನೆಯ ಸಲ ಎರಡೇ ಅಂಕ ಸಾಲಲಿಲ್ಲ. ಈಗ ಬೆಳಗ್ಗೆ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನದ ಮೇಲೆ ಓದು.

ಹೋದ ಭಾನುವಾರ ನಮ್ಮ ಚರ್ಚ್ ಸಭೆಯಲ್ಲಿ ಪ್ರತಿಭಾ ಪುರಸ್ಕಾರ ಇತ್ತು. ಅದಕ್ಕೆ ಮುಂಚೆ ಬೈಬಲ್ಲಿನ ಎಫೆಸ ಪತ್ರಿಕೆಯ 2ನೇ ಅಧ್ಯಾಯದ ಮೇಲೆ ಪ್ರಸಂಗ. ರಕ್ಷಣೆ ಕೃಪೆಯಿಂದ, ಅದು ನಮ್ಮ ಸಂಪಾದನೆ ಅಲ್ಲ, ಆದ್ದರಿಂದ ಹೊಗಳಿಕೊಳ್ಳಲು ಯಾರಿಗೂ ಜಾಗ ಇಲ್ಲ. ನಮ್ಮ ಪಾದ್ರಿ ಅಯ್ಯನವರು ತುಂಬಾ ಚೆನ್ನಾಗಿ ಹೇಳಿದರು. ಹತ್ತು ನಿಮಿಷ ಆಗಿಲ್ಲ, ಅದೇ ಮೈಕಿನಲ್ಲಿ "ಶೇಕಡಾ 90ಕ್ಕಿಂತ ಜಾಸ್ತಿ ತೆಗೆದವರು ಮುಂದೆ ಬನ್ನಿ" ಅಂದರು. ಶಾಲು, ಶೀಲ್ಡ್, ಫೋಟೊ. ಪಕ್ಕದಲ್ಲಿ ಅಮ್ಮ ಚಪ್ಪಾಳೆ ತಟ್ಟುತ್ತಿದ್ದರು, ಆದರೆ ತಲೆ ಎತ್ತಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬ ಆಂಟಿ ನನ್ನನ್ನು ನೋಡಿ "ಇನ್ನೂ ಅದೇನಾ?" ಅಂದರು.

ಹೇಗೆ ಓದಬೇಕು ಅಂತ ನಾನು ಕೇಳುತ್ತಿಲ್ಲ. ದೇವರ ಕಣ್ಣಿಗೆ ನಾನು ಬೆಲೆಯುಳ್ಳವನು ಅಂತ ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ವಚನ ಬಾಯಿಪಾಠ ಬರುತ್ತದೆ. ಆದರೆ ಅದು ಎದೆಗೆ ಇಳಿಯುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಳಿದಿದೆಯಾ? ಹೇಗೆ ಇಳಿಯಿತು, ಅಷ್ಟು ಹೇಳಿ.

ಬಂಗಾರಪೇಟೆ_ಜಂಕ್ಷನ್
ನಂದೂ ಇದೇ ಕಥೆ. ಆ ಭಾನುವಾರ ಬಂತು ಅಂದರೆ ನಾನು ಚಿಕ್ಕಮ್ಮನ ಊರಿಗೆ ಹೊರಟುಬಿಡುತ್ತೇನೆ.

ಗುಬ್ಬಿ_ಮೇಷ್ಟ್ರು
ತಮ್ಮಾ, ನಾನು ನಿವೃತ್ತ ಮೇಷ್ಟ್ರು. ಮಾರ್ಕ್ಸ್ ಹಾಕಿಯೇ 34 ವರ್ಷ ಕಳೆದವನು, ಅದಕ್ಕೇ ಬರೆಯುತ್ತಿದ್ದೇನೆ.

ಮತ್ತಾಯ 10ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12ರಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡು. ಎರಡು ಕಾಸಿಗೆ ನಾಲ್ಕು ಬರಬೇಕಿತ್ತು, ಅಲ್ವಾ? ಐದನೆಯದು ಎಲ್ಲಿಂದ ಬಂತು? ಅದು ಕೊಸರು. ನಮ್ಮ ಸಂತೆಯಲ್ಲಿ ಸೊಪ್ಪು ತೂಗಿದ ಮೇಲೆ ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕುತ್ತಾರಲ್ಲ, ಅದೇ. ತಕ್ಕಡಿಗೆ ಬಾರದ್ದು, ಯಾರೂ ಕಾಸು ಕೊಡದ್ದು. ಆದರೆ ಯೇಸು ಹೇಳುವುದು ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅಂತ. ಅಂದರೆ ಆ ಐದನೆಯದನ್ನೂ ಮರೆಯುವುದಿಲ್ಲ.

ನನ್ನ ಊರಿನ ಹೆಸರೇ ಗುಬ್ಬಿ. ಈ ಎರಡು ವಾಕ್ಯಗಳನ್ನು ನಾನು ಜೋಡಿಸಿ ಓದಿದ್ದು ಮಾತ್ರ 50 ದಾಟಿದ ಮೇಲೆ. ಅವತ್ತು ನನ್ನ ಕ್ಲಾಸಿನ ಕೊನೆ ಬೆಂಚಿನ ಮಕ್ಕಳ ಮುಖ ಒಂದೊಂದಾಗಿ ಕಣ್ಮುಂದೆ ಬಂತು. ಎಷ್ಟೋ ಜನರ ಹೆಸರೇ ನನಗೆ ನೆನಪಾಗಲಿಲ್ಲ.

ಚಿಂತಾಮಣಿ_ಟೀಚರ್
ಮೇಷ್ಟ್ರೇ, ಕೊಸರು ಅಂದಿರಲ್ಲ, ಓದಿ ಕಣ್ಣು ತುಂಬಿತು. ನಾಳೆ ಸಂಡೇ ಸ್ಕೂಲಿನಲ್ಲಿ ಇದನ್ನೇ ಹೇಳುತ್ತೇನೆ.

ಕಲ್ಪತರು_ನಾಡು
ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ನಾನು ಕ್ರೈಸ್ತನಲ್ಲ. ತುಮಕೂರಿನವನು, ಲಿಂಗಾಯತ ಮನೆಯಲ್ಲಿ ಬೆಳೆದವನು. ನೀವು ಹೇಳುತ್ತಿರುವುದು ಸೋತವರ ಸಮಾಧಾನದ ಹಾಗೆ ಕೇಳಿಸುತ್ತಿದೆ. ನಮ್ಮ ಮನೆಯಲ್ಲಿ ಕಲಿಸಿದ್ದು ಕಾಯಕ. ದುಡಿದವನಿಗೆ ಮರ್ಯಾದೆ. ಏನೂ ಮಾಡದೆ "ನಾನು ಅಮೂಲ್ಯ" ಅಂದುಕೊಂಡು ಕೂತರೆ ಯಾರು ಊಟ ಹಾಕುತ್ತಾರೆ? ಈ ಹುಡುಗನಿಗೆ ಬೇಕಾಗಿರುವುದು ಒಳ್ಳೆ ಕೋಚಿಂಗ್. ಇನ್ನೊಂದು ಪ್ರಸಂಗ ಕೇಳಿ ಏನಾಗಬೇಕು?

ಬಂಗಾರಪೇಟೆ_ಜಂಕ್ಷನ್
ಅವರು ಕೋಚಿಂಗ್ ಕೇಳಲಿಲ್ಲವಲ್ಲ ಸಾರ್. ಮೊದಲ ಪೋಸ್ಟ್ ಇನ್ನೊಂದು ಸಲ ಓದಿ.

ದ್ರಾಕ್ಷಿ_ಚಪ್ಪರ
ಕಲ್ಪತರು ಅವರ ಪ್ರಶ್ನೆ ನನ್ನದೂ ಆಗಿತ್ತು. ನಾನು ಕ್ರೈಸ್ತನೇ, ಆದರೂ ಆಗಿತ್ತು. ಚಿಕ್ಕಬಳ್ಳಾಪುರದ ಹತ್ತಿರ ನಮಗೆ ಎರಡೂವರೆ ಎಕರೆ ದ್ರಾಕ್ಷಿ ಇದೆ, ಬೆಂಗಳೂರು ಬ್ಲೂ ಮತ್ತು ಸ್ವಲ್ಪ ದಿಲ್‌ಖುಷ್. ಹಾಗಾಗಿ ಮತ್ತಾಯ 20 ಓದಿದಾಗಲೆಲ್ಲ ಕೋಪ ಬರುತ್ತಿತ್ತು.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಕೂಲಿಗೆ ಜನ ಕರೆಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಆರಕ್ಕೆ ಬಟವಾಡೆ. ಐದಕ್ಕೆ ಬಂದವರಿಗೆ ಮೊದಲು, ಅದೂ ಪೂರ್ತಿ ದಿನದ ಕೂಲಿ. ಬೆಳಗ್ಗೆಯಿಂದ ಬೆಂದವರಿಗೂ ಅಷ್ಟೇ.

ನಮ್ಮ ತೋಟದಲ್ಲಿ ಹೀಗೆ ಮಾಡಿದರೆ ಮಾರನೇ ದಿನ ಬೆಳಗ್ಗೆ ಒಬ್ಬ ಆಳೂ ಬರುವುದಿಲ್ಲ. ಎಲ್ಲರೂ ಸಂಜೆ ಐದಕ್ಕೇ ಬರುತ್ತಾರೆ. ಇದನ್ನು ನಮ್ಮ ಅಯ್ಯನವರ ಹತ್ತಿರ ವಾದ ಮಾಡಿದ್ದೇನೆ. ಅವರು ಉತ್ತರ ಹೇಳಲಿಲ್ಲ. "ಸಂಜೆ ಐದರವರೆಗೂ ನಿಂತವರು ಯಾರು ಅಂತ ಒಂದು ಸಲ ಹೋಗಿ ನೋಡಿ ಬನ್ನಿ" ಅಂದರು.

ನಮ್ಮಲ್ಲಿ ಕೂಲಿಯವರು ಬೆಳಗ್ಗೆ ಸರ್ಕಲ್‌ನಲ್ಲಿ ನಿಲ್ಲುತ್ತಾರೆ. ಏಳಕ್ಕೆ ಟೆಂಪೊಗಳು ಬಂದು ಗಟ್ಟಿಮುಟ್ಟಾದವರನ್ನು ಹತ್ತಿಸಿಕೊಂಡು ಹೋಗುತ್ತವೆ. ಒಂದು ದಿನ ಹನ್ನೊಂದಕ್ಕೆ ಹೋಗಿ ನೋಡಿದೆ. ಆರು ಜನ ಉಳಿದಿದ್ದರು. ಒಬ್ಬಳಿಗೆ ಏಳು ತಿಂಗಳು. ಒಬ್ಬ ಮುದುಕ, ಕೈ ನಡುಗುತ್ತಿತ್ತು. ಇನ್ನೊಬ್ಬನ ಕಾಲಿಗೆ ಬಟ್ಟೆ ಕಟ್ಟಿತ್ತು. ಊಟದ ಡಬ್ಬಿ ಎಲ್ಲರ ಕೈಯಲ್ಲೂ ಇತ್ತು, ಅಂದರೆ ದುಡಿಯಲೆಂದೇ ಬಂದವರು. ಕಥೆಯಲ್ಲೂ "ಯಾಕೆ ಸುಮ್ನೆ ನಿಂತಿದ್ದೀರಿ" ಅಂದರೆ ಅವರು "ನಮ್ಮನ್ನು ಯಾರೂ ಕರೆಯಲಿಲ್ಲ" ಅನ್ನುತ್ತಾರೆ. ಅದು ಸೋಮಾರಿ ಆಡುವ ಮಾತಲ್ಲ.

ಕೆರೆ ಹಿಂದಿನ ಮನೆಯವರೇ, ಮೂರು ಸಲ ಪಟ್ಟಿಯ ಹೊರಗೆ ಉಳಿದೆ ಅಂದಿರಲ್ಲ, ನನಗೆ ಡಬ್ಬಿ ಹಿಡಿದು ನಿಂತ ಆ ಆರು ಜನ ನೆನಪಾದರು. ಯಜಮಾನ ಐದು ಗಂಟೆಗೆ ಹೊರಟದ್ದು ಕೆಲಸಕ್ಕಾಗಿ ಅಲ್ಲ ಅಂತ ನನಗೆ ಈಗ ಅನಿಸುತ್ತದೆ. ಒಂದು ಗಂಟೆಯಲ್ಲಿ ಯಾವ ಕೆಲಸ ಸಾಗುತ್ತದೆ ಹೇಳಿ? ಅವನು ಹೋದದ್ದು ಆ ಜನರಿಗಾಗಿ.

ತಿಪಟೂರು_ತೆಂಗು
👏 ಇದನ್ನು ಸೇವ್ ಮಾಡಿಕೊಂಡೆ.

ಕಲ್ಪತರು_ನಾಡು
ಚೆನ್ನಾಗಿ ಬರೆದಿದ್ದೀರಿ. ಆದರೂ ಕೇಳುತ್ತೇನೆ. ಆ ಆರು ಜನರಿಗೆ ನೀವು ಅವತ್ತು ಕೆಲಸ ಕೊಟ್ಟಿರಾ?

ದ್ರಾಕ್ಷಿ_ಚಪ್ಪರ
ಮೂವರನ್ನು ಕರೆದುಕೊಂಡು ಹೋದೆ. ಪೂರ್ತಿ ಕೂಲಿ ಕೊಟ್ಟೆ. ಉಳಿದ ಮೂವರನ್ನು ಬಿಟ್ಟು ಬಂದೆ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಊರಿಗಾಂ_ಲೈನ್ಸ್
ನಾನು ಕೆಜಿಎಫ್ ಹುಡುಗಿ. ಮನೆಯಲ್ಲಿ ತಮಿಳು, ಕನ್ನಡ ಸ್ಕೂಲಿನಲ್ಲಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಅಪ್ಪ 23 ವರ್ಷ ಗಣಿಯೊಳಗೆ ಇಳಿದವರು. 2001ರಲ್ಲಿ ಗಣಿ ಮುಚ್ಚಿದಾಗ ಅವರಿಗೆ 46. ಮೊದಲೆಲ್ಲ ಯಾರಾದರೂ "ನೀವು ಯಾರು" ಅಂದರೆ ಅಪ್ಪ ಹೆಸರಿಗಿಂತ ಮುಂಚೆ ಶಾಫ್ಟ್ ಹೆಸರು ಹೇಳುತ್ತಿದ್ದರು. ಮುಚ್ಚಿದ ಮೇಲೂ ಎಷ್ಟೋ ತಿಂಗಳು ಶಿಫ್ಟಿನ ಹೊತ್ತಿಗೆ ಎದ್ದು, ಶರ್ಟ್ ಹಾಕಿಕೊಂಡು, ಬಾಗಿಲಲ್ಲಿ ಕೂರುತ್ತಿದ್ದರು. ಅಕ್ಕಪಕ್ಕದವರು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಶುರು ಮಾಡಿದರು. ಅಪ್ಪನೂ ಹೋದರು. ಆದರೆ ಎದೆಯಲ್ಲಿ ಕೆಮ್ಮು ಕೂತಿತ್ತು, ನಾಲ್ಕು ವರ್ಷಕ್ಕೆ ಅದೂ ನಿಂತಿತು. ಅಮ್ಮ ಟೈಲರಿಂಗ್ ಮಾಡಿ ಮನೆ ನಡೆಸಿದರು. ಅಪ್ಪ ದೇವಾಲಯಕ್ಕೆ ಬರುವುದನ್ನೇ ಬಿಟ್ಟರು. ಕಾಣಿಕೆ ತಟ್ಟೆ ಮುಂದೆ ಬಂದಾಗ ಹಾಕಲು ಏನೂ ಇಲ್ಲ, ಅದೇ ಕಾರಣ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಒಂದು ಸಂಜೆ ನಮ್ಮ ಅಯ್ಯನವರು ಪ್ರಭು ಭೋಜನದ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಲೈನ್ ಮನೆಗೇ ಬಂದರು. ಅಪ್ಪ ಮಂಚದಿಂದ ಎದ್ದು ಕೂತು "ಕಾಣಿಕೆ ಕೊಟ್ಟು ಎರಡು ವರ್ಷ ಆಯಿತು ಅಯ್ಯಾ" ಅಂದರು. ಅಯ್ಯನವರು "ಕೈ ಚಾಚಿ" ಅಂದರು. ಅಪ್ಪ ಎರಡೂ ಕೈ ಚಾಚಿದರು. ಬೆರಳುಗಳಲ್ಲಿ ಹಳೆಯ ಗಾಯದ ಗುರುತು, ಒಂದು ಉಗುರು ಇರಲಿಲ್ಲ. "ಇದನ್ನು ತೆಗೆದುಕೊಳ್ಳಲು ಖಾಲಿ ಕೈಯೇ ಬೇಕು. ಏನಾದರೂ ಹಿಡಿದುಕೊಂಡಿದ್ದರೆ ನಾನು ರೊಟ್ಟಿ ಎಲ್ಲಿ ಇಡಲಿ?" ಅಂದರು.

ಅಪ್ಪ ಜೋರಾಗಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಏನು ಬದಲಾಯಿತು ಅಂದರೆ, ಕೆಮ್ಮು ವಾಸಿಯಾಗಲಿಲ್ಲ, ಸಾಲ ತೀರಲಿಲ್ಲ. ಆದರೆ ಮುಂದಿನ ಭಾನುವಾರ ಶರ್ಟ್ ಇಸ್ತ್ರಿ ಮಾಡಿಸಿಕೊಂಡು ಬಂದು ಮೊದಲನೇ ಸಾಲಿನಲ್ಲಿ ಕೂತರು. ತಟ್ಟೆ ಬಂದಾಗ ಅದನ್ನು ಮುಂದಿನವರಿಗೆ ದಾಟಿಸಿದರು. ಎರಡು ವರ್ಷ ಅವರನ್ನು ಮನೆಯಲ್ಲೇ ಕೂರಿಸಿದ್ದು ಅದೇ ತಟ್ಟೆ.

ಕೆರೆ_ಹಿಂದಿನ_ಮನೆ
ಅಕ್ಕಾ, ಇದನ್ನು ಮಂಡಿಯಲ್ಲಿ ನಿಂತುಕೊಂಡು ಓದಿದೆ. ಈಗ ಏನೂ ಬರೆಯಲು ಆಗುತ್ತಿಲ್ಲ. ರಾತ್ರಿ ಬರೆಯುತ್ತೇನೆ.

ಗೌರಿಬಿದನೂರು_22
ಮಂಡಿಯಲ್ಲಿ ಇವತ್ತು 15 ಕೆಜಿ ಬಾಕ್ಸ್ ರೇಟು ಹೇಗಿದೆ ಬ್ರದರ್? ನಮ್ಮದು ಮುಂದಿನ ವಾರ ಕಟಾವು.

ಕೆರೆ_ಹಿಂದಿನ_ಮನೆ
ಇಳಿದಿದೆ ಅಣ್ಣ. 2023ರ ಜುಲೈನಲ್ಲಿ 2,000 ರೂಪಾಯಿ ದಾಟಿದ್ದನ್ನು ನೆನೆಸಿಕೊಂಡು ಬರಬೇಡಿ. ಗಾತ್ರ ಬೇರೆ ಬೇರೆ ಮಾಡಿ ತನ್ನಿ, ಮಿಕ್ಸ್ ಬಾಕ್ಸಿಗೆ ಬೆಲೆ ಇಲ್ಲ.

ಶಿಡ್ಲಘಟ್ಟ_ಗೂಡು
ನಾನು ಇನ್ನೊಂದು ವಿಷಯ ಹೇಳಬೇಕು. ನಮ್ಮದು ಪ್ರಾರ್ಥನಾ ಕೂಟ, ಅಲ್ಲಿ ಶೀಲ್ಡ್ ಇಲ್ಲ. ಆದರೆ ಸಾಕ್ಷಿ ಇದೆ, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ಹೇಳುವುದು. ಪ್ರತಿ ವಾರ ಸಾಕ್ಷಿಗೆ ಎದ್ದವರು ಏನು ಹೇಳುತ್ತಾರೆ? ವೀಸಾ ಬಂತು, ಸೈಟ್ ಆಯಿತು, ಮಗನಿಗೆ ಸೀಟು ಸಿಕ್ಕಿತು. ಸ್ತೋತ್ರ, ಸ್ತೋತ್ರ. ಗೂಡಿನ ಬೆಳೆ ಹೋದವನು, ಮದುವೆ ಮುರಿದುಬಿದ್ದವಳು ಎದ್ದು ಸಾಕ್ಷಿ ಹೇಳಿದ್ದನ್ನು ನಾನು ಕೇಳಿಲ್ಲ. ಎರಡು ಸಲ ನಮ್ಮ ರೇಷ್ಮೆ ಹುಳುಗಳಿಗೆ ರೋಗ ಬಂದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಮುಂಚೆ ಎಲ್ಲವನ್ನೂ ಗುಂಡಿಗೆ ಹಾಕಿದೆವು. ಆಗ ಒಬ್ಬರು ನಮ್ಮ ಮನೆಯವರಿಗೆ "ನಿಮ್ಮ ನಂಬಿಕೆಯಲ್ಲಿ ಏನೋ ಕೊರತೆ ಇದೆ" ಅಂದರು. ಅಂದರೆ ಬೆಳೆಯ ಜೊತೆ ನಂಬಿಕೆಗೂ ಗ್ರೇಡ್ ಹಾಕಿದರು. ಮಾರ್ಕ್ಸಿನ ಭಾರಕ್ಕಿಂತ ಇದು ಜಾಸ್ತಿ ಭಾರ.

ಚಿಂತಾಮಣಿ_ಟೀಚರ್
ಹಾಗೆ ಹೇಳುವವರಿಗೆ ಯೋಬನ ಗ್ರಂಥ ಓದಲು ಕೊಡಿ. ಯೋಬನ ಸ್ನೇಹಿತರೂ ಇದನ್ನೇ ಹೇಳಿದ್ದು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ.

ಮುಳಬಾಗಿಲು_98
ಎಲ್ಲರೂ ಶೀಲ್ಡನ್ನು ಬೈಯುತ್ತಿದ್ದೀರಿ. ನಾನು ಶೀಲ್ಡ್ ತೆಗೆದುಕೊಂಡವನು, ನನ್ನ ಮಾತನ್ನೂ ಕೇಳಿ.

ನಮ್ಮ ತಾತ ಊರ ಗೌಡರ ಜಗಲಿ ಹತ್ತಿದವರಲ್ಲ. ಹತ್ತಲು ಬಿಡುತ್ತಿರಲಿಲ್ಲ. ನಮ್ಮಪ್ಪ ಸ್ಕೂಲಿನಲ್ಲಿ ಹಿಂದೆ ನೆಲದ ಮೇಲೆ ಕೂತು ಓದಿದವರು, ಏಳನೇ ಕ್ಲಾಸಿಗೆ ಬಿಟ್ಟರು. ನಾನು ಎಸ್‌ಎಸ್‌ಎಲ್‌ಸಿಯಲ್ಲಿ 91 ಪರ್ಸೆಂಟ್ ತೆಗೆದಾಗ ಸಭೆಯಲ್ಲಿ ನನ್ನ ಹೆಸರು ಕರೆದರು. ಅಪ್ಪನನ್ನೂ ಮೇಲೆ ಕರೆದು ಕುರ್ಚಿ ಹಾಕಿ ಶಾಲು ಹೊದಿಸಿದರು. ಆ ಶಾಲು ಇನ್ನೂ ನಮ್ಮ ಮನೆಯ ಗೋಡೆಯ ಮೇಲೆ ಫೋಟೊ ಪಕ್ಕ ನೇತಾಡುತ್ತಿದೆ. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ತಲೆತಲಾಂತರ ನಮ್ಮನ್ನು "ಏನೂ ಅಲ್ಲ" ಅಂದವರ ನಡುವೆ ಅದು ಸಣ್ಣ ವಿಷಯ ಅಲ್ಲ. ಸಾಧನೆ ಮುಖ್ಯ ಅಲ್ಲ ಅಂತ ಹೇಳುವುದು ಮೂರು ತಲೆಮಾರು ಓದಿದವರಿಗೆ ಸುಲಭ. ನಮಗೆ ಓದೇ ಬಾಗಿಲು ತೆಗೆದದ್ದು.

ಬಂಗಾರಪೇಟೆ_ಜಂಕ್ಷನ್
ನಿಜ. ಇದನ್ನು ನಾನು ಯೋಚಿಸಿರಲಿಲ್ಲ.

ಊರಿಗಾಂ_ಲೈನ್ಸ್
ಅಣ್ಣ, ನಿಮ್ಮ ಅಪ್ಪನ ಶಾಲನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಒಂದೇ ಪ್ರಶ್ನೆ. ನಿಮಗೆ 59 ಪರ್ಸೆಂಟ್ ಬಂದಿದ್ದರೆ ನಿಮ್ಮ ಅಪ್ಪನಿಗೆ ಕುರ್ಚಿ ಎಲ್ಲಿ ಹಾಕುತ್ತಿದ್ದರು?

ಮುಳಬಾಗಿಲು_98
ಇದಕ್ಕೆ ಬೇಗ ಉತ್ತರ ಕೊಡಲು ಆಗಲಿಲ್ಲ ಅಕ್ಕ, ಎರಡು ದಿನ ಯೋಚಿಸಿದೆ.

ನನ್ನ ತಮ್ಮನಿಗೆ ಬಂದದ್ದು 52. ಅವನ ಹೆಸರು ಕರೆಯಲಿಲ್ಲ. ಅವನು ಈಗ ಮುಳಬಾಗಿಲಿನಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾನೆ, ಸಭೆಗೆ ಬರುವುದಿಲ್ಲ. ಸೋಮಾರಿತನ ಅಂದುಕೊಂಡಿದ್ದೆ. ನಿನ್ನೆ ಅವನ ಅಂಗಡಿಗೆ ಹೋಗಿ ಕೇಳಿದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ, ತಲೆ ಎತ್ತದೆ ಹೇಳಿದ, "ಅವತ್ತು ಅಪ್ಪ ಮೇಲೆ ಕೂತಿದ್ದು ನಿನ್ನಪ್ಪ ಆಗಿ. ನನ್ನಪ್ಪ ಆಗಿ ಅಲ್ಲ."

ಓದು ಬೇಡ ಅಂತ ಈಗಲೂ ಹೇಳುವುದಿಲ್ಲ. ಮಕ್ಕಳು ಓದಲೇಬೇಕು. ಆದರೆ ಕುರ್ಚಿ ಮೊದಲು ಹಾಕಬೇಕಿತ್ತು. ಮಾರ್ಕ್ಸ್ ಬರುವ ಮುಂಚೆ.

ತಿಪಟೂರು_ತೆಂಗು
ಮುಂಚೆ ಅಂದಿರಿ ನೋಡಿ, ಅದೇ ವಿಷಯ. ಮಾರ್ಕ 1ನೇ ಅಧ್ಯಾಯದಲ್ಲಿ ಯೇಸುವಿನ ದೀಕ್ಷಾಸ್ನಾನ ಆದ ಕೂಡಲೇ ಆಕಾಶದಿಂದ "ನೀನು ನನ್ನ ಪ್ರೀತಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ" ಅನ್ನುವ ಧ್ವನಿ. ಆ ಹೊತ್ತಿಗೆ ಯೇಸು ಒಂದು ಅದ್ಭುತವನ್ನೂ ಮಾಡಿಲ್ಲ, ಒಬ್ಬ ಶಿಷ್ಯನೂ ಇಲ್ಲ. ಕೆಲಸ ಶುರುವಾಗುವುದು ಆಮೇಲೆ. ನಾನು ಕ್ಯಾಥೊಲಿಕ್. ಕೃಪೆ ಎಷ್ಟು, ಕ್ರಿಯೆ ಎಷ್ಟು ಅಂತ ನಮಗೂ ಪ್ರೊಟೆಸ್ಟೆಂಟರಿಗೂ ನಾನೂರು ವರ್ಷಕ್ಕಿಂತ ಜಾಸ್ತಿ ಜಗಳ ಇತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ, ಪ್ರೊಟೆಸ್ಟೆಂಟರ ಒಂದು ಪಂಗಡವಾದ ಲೂಥರನ್ನರೂ ಒಟ್ಟಿಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ ಅಂತ. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಮೆಥೋಡಿಸ್ಟರೂ ಸೇರಿದರು. ಕೋಲಾರದಲ್ಲಿ ಮೆಥೋಡಿಸ್ಟ್ ಸಭೆ ಇದೆಯಲ್ಲ, ಅವರೂ ಅದೇ ಮನೆತನದವರು.

ಕಲ್ಪತರು_ನಾಡು
ಹಾಗಾದರೆ ಕೆಲಸಕ್ಕೆ ಬೆಲೆಯೇ ಇಲ್ಲವಾ ನಿಮ್ಮಲ್ಲಿ?

ತಿಪಟೂರು_ತೆಂಗು
ಇದೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನ ಪತ್ರಿಕೆಯಲ್ಲೇ ಇದೆ. ಪ್ರಶ್ನೆ ಯಾವುದು ಮೊದಲು ಅನ್ನುವುದು. ತೆಂಗಿನ ಸಸಿಗೆ ಎಷ್ಟು ವರ್ಷ ನೀರು ಹಾಕುತ್ತೇವೆ? ಕಾಯಿ ಬಿಟ್ಟ ಮೇಲೆ ನೀರು ಕೊಡುತ್ತೇನೆ ಅಂದರೆ ಆಗುತ್ತದಾ?

ಗುಬ್ಬಿ_ಮೇಷ್ಟ್ರು
ಮೆಥೋಡಿಸ್ಟ್ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗಿದ್ದರು. ಕಟ್ಟುನಿಟ್ಟಿನ ಮನುಷ್ಯ. ಉಪವಾಸ, ಪ್ರಾರ್ಥನೆ, ಸೇವೆ ಎಲ್ಲಕ್ಕೂ ಲೆಕ್ಕ ಇಡುತ್ತಿದ್ದರು. ಅಲ್ಲಿ ಅವರ ಕೆಲಸ ಕೆಟ್ಟಿತು, 1738ರಲ್ಲಿ ಸೋತು ವಾಪಸ್ ಬಂದರು. ಅದೇ ವರ್ಷ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಒಂದು ಸಣ್ಣ ಕೂಟಕ್ಕೆ ಹೋಗಿ ಕೂತಾಗ, ಕ್ರಿಸ್ತನನ್ನು ನಂಬಿದರೆ ಸಾಕು ಅನ್ನುವುದು ಎದೆಗೆ ಇಳಿಯಿತು ಅಂತ ಅವರೇ ಬರೆದುಕೊಂಡಿದ್ದಾರೆ. ಆಗ ಅವರಿಗೆ ಪಾದ್ರಿ ಪಟ್ಟ ಆಗಿ ಹತ್ತು ವರ್ಷ. ತಮ್ಮಾ, ನಿನಗೆ 28 ಆದರೂ ಇಳಿದಿಲ್ಲ ಅಂತ ಹೆದರಬೇಡ.

ನಮ್ಮ ಗುಬ್ಬಿಗೂ 1839ರಲ್ಲಿ ವಿಲಿಯಂ ಆರ್ಥರ್ ಅನ್ನುವ ವೆಸ್ಲಿಯನ್ ಮಿಷನರಿ ಬಂದಿದ್ದರು, ಇಪ್ಪತ್ತು ವರ್ಷದ ಹುಡುಗ. ಎರಡೇ ವರ್ಷಕ್ಕೆ ಆರೋಗ್ಯ ಕೆಟ್ಟು 1841ರಲ್ಲಿ ಊರಿಗೆ ಮರಳಬೇಕಾಯಿತು. ಆ ಹಡಗಿನಲ್ಲಿ ಕೂತು ಅವರು ತಮ್ಮ ಬಗ್ಗೆ ಏನಂದುಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ದ್ರಾಕ್ಷಿ_ಚಪ್ಪರ
ನಮ್ಮ ಕಡೆ ಮಕ್ಕಳಿಗೆ ಮುದ್ದೇನಹಳ್ಳಿ ತೋರಿಸಿ ತೋರಿಸಿ ಬೆಳೆಸುತ್ತಾರೆ. ವಿಶ್ವೇಶ್ವರಯ್ಯನವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹುಟ್ಟಿದ ದಿನ ಸೆಪ್ಟೆಂಬರ್ 15 ಬಂದರೆ ನನ್ನ ಮಗಳು ಹೊಟ್ಟೆನೋವು ಅನ್ನುತ್ತಾಳೆ. ಭಾಷಣದಲ್ಲಿ "ನೀವು ಯಾವಾಗ ಹಾಗಾಗುತ್ತೀರಿ" ಅಂತ ಕೇಳುತ್ತಾರಂತೆ.

ಚಿಂತಾಮಣಿ_ಟೀಚರ್
ಕೆರೆ ಹಿಂದಿನ ಮನೆ, ಒಂದು ಮಾತು ಕೇಳಲಾ? ನಿದ್ದೆ, ಊಟ ಸರಿಯಾಗಿದೆಯಾ? ರಾತ್ರಿ ಬರೆಯುತ್ತೇನೆ ಅಂದವರು ಮೂರು ದಿನ ಆಯಿತು. ಮನಸ್ಸು ತುಂಬಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಪ್ರಾರ್ಥನೆಯನ್ನೂ ಮಾಡು, ಇದನ್ನೂ ಮಾಡು. ನಾನು ಎರಡನ್ನೂ ಮಾಡಿದ್ದೇನೆ.

ಕಲ್ಪತರು_ನಾಡು
ನಾನೂ ಮೂರು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಾನು ಸಿದ್ಧಗಂಗಾ ಮಠದ ಹಾಸ್ಟೆಲ್ಲಿನಲ್ಲಿ ಓದಿದವನು. 2019ರಲ್ಲಿ ಶಿವಕುಮಾರ ಸ್ವಾಮೀಜಿ ಹೋದಾಗ ಮನೆಯವರನ್ನು ಕಳೆದುಕೊಂಡ ಹಾಗೆ ಅತ್ತೆ. ಅವರಷ್ಟು ಕಾಯಕ ಮಾಡಿದವರನ್ನು ನಾನು ನೋಡಿಲ್ಲ. ಆದರೆ ಮುಳಬಾಗಿಲಿನವರ ಕುರ್ಚಿ ಮಾತು ಓದಿದ ಮೇಲೆ ನನಗೆ ನೆನಪಾದದ್ದು ಹಾಸ್ಟೆಲ್ಲಿನ ಮೊದಲ ರಾತ್ರಿ. ಮನೆ ನೆನಪಾಗಿ ಅಳುತ್ತಾ ಪಂಕ್ತಿಯಲ್ಲಿ ಕೂತಿದ್ದೆ. ಮುದ್ದೆ ಹಾಕಿದರು, ಸಾರು ಹಾಕಿದರು. ಮಾರ್ಕ್ಸ್ ಕಾರ್ಡ್ ಯಾರೂ ಕೇಳಲಿಲ್ಲ. ಕಾಯಕ ಕಲಿತದ್ದು ಆಮೇಲೆ, ಊಟ ಮಾಡಿದ ಮೇಲೆ.

ನಿಮ್ಮ ದೇವರ ಬಗ್ಗೆ ಎಲ್ಲ ಒಪ್ಪಿದೆ ಅಂತಲ್ಲ. ಕೋಚಿಂಗ್ ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಕೆರೆ_ಹಿಂದಿನ_ಮನೆ
ಕ್ಷಮಿಸಿ, ಬರೆಯಲು ತಡವಾಯಿತು. ಟೀಚರಮ್ಮ, ಊಟ ಮಾಡುತ್ತಿದ್ದೇನೆ. ನಿದ್ದೆ ಕಡಿಮೆ. ನಂಬರ್ ಬರೆದಿಟ್ಟುಕೊಂಡೆ.

ಇಳಿಯಿತಾ ಅಂದರೆ, ಗೊತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ. ಗುರುವಾರ ಬೆಳಗ್ಗೆ ಮಂಡಿಯಲ್ಲಿ ಟೊಮೆಟೊ ಆರಿಸುತ್ತಿದ್ದರು. ದಪ್ಪದ್ದು ಒಂದು ಕಡೆ, ಮಧ್ಯದ್ದು ಒಂದು ಕಡೆ, ಗೋಲಿ ಗಾತ್ರದವು ನೆಲಕ್ಕೆ. ದಿನಾ ನೋಡುವುದೇ. ಅವತ್ತು ಒಬ್ಬ ಅಜ್ಜಿ ನೆಲದ ಮೇಲಿನದ್ದನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಒಡೆದದ್ದನ್ನೂ ಬಿಡಲಿಲ್ಲ. ನಾನು ಲೆಕ್ಕದ ಪುಸ್ತಕ ಹಿಡಿದು ನೋಡುತ್ತಾ ನಿಂತುಬಿಟ್ಟೆ. ಕೊಸರು ಅನ್ನುವ ಮಾತು ನೆನಪಾಯಿತು. ಊರಿಗಾಂ ಅಕ್ಕನ ಅಪ್ಪನ ಕೈ ನೆನಪಾಯಿತು. ಮೂರು ಸಲ ಪಟ್ಟಿಯಲ್ಲಿ ಹೆಸರು ಹುಡುಕಿದ ಬೆರಳು ಇದೇ ಅಂತ ನನ್ನ ಕೈಯನ್ನೂ ನೋಡಿಕೊಂಡೆ.

ಸಂಜೆ ಅಮ್ಮನಿಗೆ ಇಲ್ಲಿಯದನ್ನೆಲ್ಲ ಓದಿ ಹೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು, "ಅವತ್ತು ನಾನು ತಲೆ ತಗ್ಗಿಸಿದ್ದು ನಾಚಿಕೆಯಿಂದ ಅಂದುಕೊಂಡೆಯಾ?" ಅಂದರು. ಹೌದು ಅಂದೆ. "ನಿನಗೆ ನೋವಾಗುತ್ತಿದೆ ಅಂತ ಗೊತ್ತಿತ್ತು ಕಣೋ, ನಿನ್ನ ಮುಖ ನೋಡಿದರೆ ಅಲ್ಲೇ ಅತ್ತುಬಿಡುತ್ತಿದ್ದೆ" ಅಂದರು.

ಪರೀಕ್ಷೆ ಇನ್ನೊಂದು ಸಲ ಬರೆಯುತ್ತೇನೆ. ಅರ್ಜಿ ಹಾಕಿದ್ದೇನೆ.

ಊರಿಗಾಂ_ಲೈನ್ಸ್
ನಿಮ್ಮ ಅಮ್ಮನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಮುಳಬಾಗಿಲು_98
ನಾನು ನಮ್ಮ ಸಭೆಯ ಕಮಿಟಿಯಲ್ಲಿದ್ದೇನೆ. ಮುಂದಿನ ವರ್ಷ ಪರೀಕ್ಷೆಗೆ ಮುಂಚೆ ಒಂದು ಭಾನುವಾರ ಪರೀಕ್ಷೆ ಬರೆಯುವ ಎಲ್ಲ ಮಕ್ಕಳನ್ನೂ ಅಪ್ಪ ಅಮ್ಮನ ಜೊತೆ ಮುಂದೆ ಕರೆದು, ಕುರ್ಚಿ ಹಾಕಿ, ಹೆಸರು ಹೇಳಿ ಪ್ರಾರ್ಥನೆ ಮಾಡೋಣ ಅಂತ ಕೇಳಿದ್ದೇನೆ. ಶೀಲ್ಡ್ ಬೇಕಾದರೆ ಆಮೇಲೆ ಇರಲಿ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಖರ್ಚಿನ ಮಾತು ಎತ್ತಿದ್ದಾರೆ.

ಬಂಗಾರಪೇಟೆ_ಜಂಕ್ಷನ್
ಕುರ್ಚಿಗೆ ಎಂಥ ಖರ್ಚು?

ಮುಳಬಾಗಿಲು_98
ಬಾಡಿಗೆ ಕುರ್ಚಿ. ತಮ್ಮ ತರಿಸಿಕೊಡುತ್ತೇನೆ ಅಂದಿದ್ದಾನೆ. ಅವನ ಅಂಗಡಿ ಪಕ್ಕದಲ್ಲೇ ಶಾಮಿಯಾನದವರು ಇದ್ದಾರೆ.